ಎಲ್ಲರ ಹಿಂದೆ ಬರುವವಳು

ಮಂಗಳಾ ಸೈಕಲ್ ಕಲಿತದ್ದು ಶೋಕಿಗಲ್ಲ. ಅವರ ಹಳ್ಳಿಗೆ ಬಸ್ಸಿರಲಿಲ್ಲ. ಅಣ್ಣ ದುಡಿಯಲು ಹೋಗುವಾಗ ಬಿಟ್ಟುಹೋದ ಹಳೇ ಸೈಕಲ್ಲನ್ನು ಕೋಸಗಿ ಸ್ಟೇಷನ್ನಿನ ತನಕ ತುಳಿದು, ಚಹಾದಂಗಡಿಯ ಹಿಂದೆ ನಿಲ್ಲಿಸಿ, ರೈಲು ಹಿಡಿದು ಆದೋನಿಯ ಕಾಲೇಜಿಗೆ ಹೋಗುತ್ತಿದ್ದಳು. ಕಾಲೇಜಿನ ತನಕ ಬಂದದ್ದೇ ದೊಡ್ಡದು. ಅವಳು ಚಿಕ್ಕವಳಿದ್ದಾಗ ದೀಪಾವಳಿ ಮುಗಿಯುತ್ತಲೇ ಅಪ್ಪ ಅವ್ವ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಿದ್ದರು, ಮಗಳೂ ಜೊತೆಗೇ. ಯುಗಾದಿಯ ಹೊತ್ತಿಗೆ ತಿರುಗಿ ಬಂದರೆ ಶಾಲೆಯಲ್ಲಿ ಹೆಸರು ಹೊಡೆದುಹಾಕಿರುತ್ತಿದ್ದರು. ಮತ್ತೆ ಅದೇ ತರಗತಿ, ಪಕ್ಕದಲ್ಲಿ ತನ್ನ ಸೊಂಟದೆತ್ತರದ ಮಕ್ಕಳು. ಆ ನಾಚಿಕೆಯನ್ನು ಅವಳು ಇಂದಿಗೂ ಮರೆತಿಲ್ಲ.

ಅದಕ್ಕೇ ಇರಬೇಕು, ಓದು ಮುಗಿದ ಮೇಲೆ ಅವಳು ಬೇರೆ ಕೆಲಸ ಹುಡುಕಲಿಲ್ಲ. ವಲಸೆ ಹೋದವರ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಕೋಸಗಿಯ ಪುಟ್ಟ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆದಳು. ಮಕ್ಕಳು ಹೆಚ್ಚುತ್ತಾ ಹೋದರು, ಕೋಣೆಗಳು ಎರಡೇ ಉಳಿದವು. ಒಂದರಲ್ಲಿ ಅಡಿಗೆ, ಇನ್ನೊಂದರಲ್ಲಿ ಎಲ್ಲರ ನಿದ್ದೆ. ದೊಡ್ಡ ಹುಡುಗಿಯರಿಗೆ ಬೇರೆ ಜಾಗವಿಲ್ಲವೆಂದು ಆ ವರ್ಷ ನಾಲ್ಕಾರು ತಂದೆತಾಯಂದಿರು ಹೆಣ್ಣುಮಕ್ಕಳನ್ನು ಮತ್ತೆ ತಮ್ಮ ಜೊತೆಗೇ ಕರೆದುಕೊಂಡು ಹೋಗಿಬಿಟ್ಟರು. ರೈಲಿನ ಕಿಟಕಿಯಿಂದ ಕೈಬೀಸಿದ ಒಬ್ಬ ಹುಡುಗಿಯನ್ನು ನೋಡಿದ ದಿನ ಮಂಗಳಾ ಊಟ ಮಾಡಲಿಲ್ಲ.

ಆದೋನಿಯ ಹತ್ತಿ ವ್ಯಾಪಾರಿ ವಾಗೀಶ್ ಸಾಹುಕಾರರ ಬಾಗಿಲಿಗೆ ಅವಳು ಹೋದದ್ದು ಆಗ. ಐವತ್ತು ದಾಟಿದ ಮೇಲೆ ಅವರಿಗೆ ಸೈಕಲ್ಲಿನ ಹುಚ್ಚು ಹತ್ತಿತ್ತು. ಸಾಹುಕಾರರು ಬಾಯ್ತುಂಬ ಮಾತಾಡುವ ಮನುಷ್ಯ. ಹುಡುಗಿಯರಿಗೆ ಬೇರೆ ಕಟ್ಟಡ ಬೇಕೆಂಬ ಅವಳ ಅರ್ಜಿ ಪೂರ್ತಿ ಕೇಳದೆಯೇ ಹೇಳಿಬಿಟ್ಟರು: "ಎರಡು ದಿನದ ಸೈಕಲ್ ಯಾತ್ರೆ ಮಾಡೋಣು. ಆದೋನಿ, ಕೋಸಗಿ, ಮಂತ್ರಾಲಯ, ನಾಗಲದಿನ್ನೆ, ಆಮ್ಯಾಲೆ ಎಮ್ಮಿಗನೂರು, ಆಸ್ಪರಿ ಮುಟ್ಟಿ ವಾಪಸ್ ಆದೋನಿ. ಊರೂರಿಗೂ ನಿಂತು ರೊಕ್ಕ ಕೇಳೋಣು. ಎಷ್ಟು ಕೂಡತೈತೋ ಕೂಡಲಿ, ಉಳಿದದ್ದು ನಂದು. ಮುಗಿಸಿದ ಜಾಗದಾಗೇ ಎಲ್ಲಾರ ಮುಂದ ಹೇಳಿಬಿಡ್ತೀನಿ."

"ನಾನೂ ಬರ್ತೀನ್ರಿ," ಅಂದಳು ಮಂಗಳಾ.

ಅವಳಿಗೆ ಕೊಟ್ಟ ಕೆಲಸ ಎಲ್ಲರಿಗಿಂತ ಹಿಂದೆ ಬರುವುದು. ಯಾರ ಚೈನು ಕಳಚಿದರೂ, ಯಾರ ಕಾಲಿಗೆ ಸೆಳೆತ ಬಂದರೂ ಅವಳು ಅವರನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ.

ಮೊದಲ ದಿನ ಹಬ್ಬದ ಹಾಗೆ ಕಳೆಯಿತು. ನಾಗಲದಿನ್ನೆಯಲ್ಲಿ ಊರವರು ಹೊಳೆಯ ದಂಡೆಯಲ್ಲೇ ಊಟ ಹಾಕಿದರು. ಎರಡನೆಯ ದಿನ ಬಿಸಿಲು ಮಾಘ ಮಾಸದ್ದಾಗಿರಲಿಲ್ಲ, ಬೇಸಿಗೆಯದೇ ಆಗಿತ್ತು. ಆಸ್ಪರಿಯ ಬಳಿ ನೆಲ ಏರುತ್ತಾ ಹೋಗುತ್ತದೆ. ಎರಡೂ ಕಡೆ ಹತ್ತಿ ಬಿಡಿಸಿ ಬರೀ ಕಡ್ಡಿ ಉಳಿದ ಹೊಲಗಳು, ನೆರಳಿಗೆ ಒಂದು ಬೇವಿನ ಗಿಡ ಸಿಕ್ಕರೆ ಪುಣ್ಯ. ಮಧ್ಯಾಹ್ನ ಒಬ್ಬ ಹುಡುಗನಿಗೆ ವಾಂತಿಯಾಗಿ, ಜೀಪಿನ ಡ್ರೈವರ್ ತಿರುಮಲೇಶ್ ಅವನನ್ನು ಕೂರಿಸಿಕೊಂಡು ಮುಂದೆ ಹೋದ. ಯಾತ್ರೆಗೆ ಇದ್ದದ್ದು ಅದೊಂದೇ ಜೀಪು.

ಆಸ್ಪರಿ ದಾಟಿದ ಮೇಲೆ ಸಾಹುಕಾರರು ಹಿಂದೆ ಬಿದ್ದರು. ಮೊದಲು ಮಂಗಳಾಗೆ ಅದು ವಿಶೇಷವೆನಿಸಲಿಲ್ಲ. ಎರಡು ದಿನದಿಂದ ಅವರು ಒಬ್ಬೊಬ್ಬರ ಪಕ್ಕಕ್ಕೂ ಬಂದು ಮಾತಾಡಿಸುತ್ತಿದ್ದರು. ಹತ್ತಿಯ ದರ, ಮಗಳು ಅಮೂಲ್ಯಳ ಮದುವೆ, ಮಂಡಿ ನೋವಿಗೆ ಯಾವ ಎಣ್ಣೆ, ಎಲ್ಲವೂ ಬಂದುಹೋಗಿತ್ತು. ಈಗ ಅವಳ ಪಕ್ಕಕ್ಕೆ ಬಂದವರು ಏನೂ ಮಾತಾಡಲಿಲ್ಲ. ಒಂದು ಊರು ಹಿಂದಾಯಿತು. ಅವರು ರಸ್ತೆಯನ್ನೇ ನೋಡುತ್ತಿದ್ದರು.

"ನೀರು ಬೇಕೇನ್ರಿ ಸಾವ್ಕಾರ್ರೆ?"

ತಲೆ ಅಲ್ಲಾಡಿಸಿದರು. ಬಲಗೈ ಹ್ಯಾಂಡಲ್ ಬಿಟ್ಟು ಎಡಭುಜವನ್ನು ಒತ್ತಿಕೊಳ್ಳುತ್ತಿತ್ತು, ಮತ್ತೆ ಗದ್ದದ ಕೆಳಗೆ ಹೋಗುತ್ತಿತ್ತು. ಮುಖ ಬಿಸಿಲಿಗೆ ಕೆಂಪಾಗುವ ಬದಲು ಬೂದಿ ಬಡಿದಂತಾಗಿತ್ತು. ಅಂಗಿ ತೊಯ್ದು ಮೈಗೆ ಅಂಟಿತ್ತು.

"ಒಂದು ಗಳಿಗೆ ನಿಲ್ರಿ."

"ನಿಲ್ಲಾಕ ಏನಾಗ್ಯದ? ಗ್ಯಾಸ್ ಇದು. ನಾಗಲದಿನ್ನೆದಾಗ ಮಿರ್ಚಿ ಹೆಚ್ಚಿಗಿ ತಿಂದೀನಿ."

ಆದರೂ ಮುಂದಿನ ಬೇವಿನ ಗಿಡದ ಕೆಳಗೆ ಅವರೇ ಇಳಿದರು. ಇಳಿದವರು ಸೈಕಲ್ ಹಿಡಿದುಕೊಂಡೇ ಬಗ್ಗಿ ನಿಂತು ಬಾಯಿಂದ ಉಸಿರು ಬಿಟ್ಟರು. ಮಂಗಳಾ ಮುಂದಿನವರನ್ನು ಕೂಗಿದಳು. ಅವರು ಆಗಲೇ ದಿಬ್ಬದಾಚೆ ಇಳಿದಾಗಿತ್ತು. ತಿರುಮಲೇಶನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಆಂಬುಲೆನ್ಸಿಗೆ ಹಚ್ಚಿದಳು. ಹತ್ತಿರದ ಗಾಡಿ ಒಂದು ಹೆರಿಗೆಗೆ ಹೋಗಿದೆ, ಬೇರೆಯದು ಆಲೂರಿನ ಕಡೆಯಿಂದ ಬರಬೇಕು ಎಂದರು.

"ಯಾರಿಗೆ ಫೋನು ಮಾಡ್ತಿ?" ಸಾಹುಕಾರರು ತಲೆ ಎತ್ತಿದರು.

"ಆಂಬುಲೆನ್ಸಿಗ್ರಿ."

"ಬ್ಯಾಡಂತ ಹೇಳು! ಆದೋನ್ಯಾಗ ಬ್ಯಾಂಡು, ಹಾರ ಎಲ್ಲಾ ತಯಾರ್ ಐತಿ. ನಾ ಆಂಬುಲೆನ್ಸಿನ್ಯಾಗ ಹೋಗಿ ಇಳೀಬೇಕೇನು? ಊರು ನಗತೈತಿ."

ಅಷ್ಟರಲ್ಲಿ ಅವಳ ಫೋನೇ ಬಡಿಯಿತು. ಮುಂದಿನ ಗುಂಪಿನ ಬಸವಕಿರಣ. "ಎಲ್ಲಿದ್ದೀರಿ ಮೇಡಮ್? ಸಾವ್ಕಾರ್ರನ್ನ ಜಲ್ದಿ ಕರಕೊಂಡು ಬರ್ರಿ, ಊರ ಹೊರಗ ನಿಂತು ಕಾಯಾಕತ್ತೀವಿ. ಒಟ್ಟಿಗೆ ಒಳಗ ಹೋಗಬೇಕು."

"ಸಾವ್ಕಾರ್ರಿಗೆ ಆರಾಮಿಲ್ಲ. ತಿರುಮಲೇಶನ್ನ ಜೀಪ್ ತಿರುವಿಸಿ ಕಳಸು, ಓಡು," ಅಂದಳು. ಆ ಕಡೆ ಗದ್ದಲ. ಅವನಿಗೆ ಎಷ್ಟು ಕೇಳಿಸಿತೋ, ಲೈನು ಹೋಯಿತು.

ಸಾಹುಕಾರರು ಸೀಟಿನ ಮೇಲೆ ಕಾಲು ದಾಟಿಸಲು ನೋಡುತ್ತಿದ್ದರು. ಮಂಗಳಾ ಹ್ಯಾಂಡಲ್ ಹಿಡಿದಳು.

"ಕೈ ತಗಿ," ಅಂದರು. ದನಿ ಸಣ್ಣದಿತ್ತು, ಸಿಟ್ಟು ಸಣ್ಣದಿರಲಿಲ್ಲ. "ಯಾರ ಮುಂದ ನಿಂತೀಯಂತ ಗೊತ್ತೈತೇನು? ಕಟ್ಟಡ ಬೇಕೋ ಬ್ಯಾಡೋ ನಿನಗ?"

ಅವಳ ಕೈ ಸಡಿಲವಾಯಿತು. ಬೇಕಿತ್ತು. ಆ ಕಟ್ಟಡ ಬೇಕಾದಷ್ಟು ಬೇರೆ ಏನೂ ಅವಳಿಗೆ ಬೇಕಿರಲಿಲ್ಲ. ಇವರು ಹೇಳಿದಂತೆ ಇದು ಗ್ಯಾಸೇ ಆಗಿದ್ದರೆ? ಅವಳೇನು ಡಾಕ್ಟರೇ? ಊರ ಮುಂದೆ ಸಾಹುಕಾರರ ಮರ್ಯಾದೆ ಕಳೆದವಳಿಗೆ ನಾಳೆ ಆದೋನಿಯಲ್ಲಿ ಯಾರು ಬಾಗಿಲು ತೆಗೆದಾರು? ಆ ಹುಡುಗಿಯರು ಬರುವ ವರ್ಷವೂ ರೈಲು ಹತ್ತುತ್ತಾರೆ.

ಸಾಹುಕಾರರು ಪೆಡಲಿಗೆ ಕಾಲಿಟ್ಟರು. ಕಾಲು ಜಾರಿತು. ಮತ್ತೆ ಇಟ್ಟರು.

ಮಂಗಳಾ ಸೈಕಲ್ಲಿನ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಗಾಲಿಯ ವಾಲ್ವಿನ ಮುಚ್ಚಳ ಬಿಚ್ಚಿ, ನಡುವಿನ ಮೊಳೆಯನ್ನು ಉಗುರಿನಿಂದ ಒತ್ತಿ ಹಿಡಿದಳು. ಬುಸ್ಸೆಂದು ಗಾಳಿ ಹೋಯಿತು. ಹಿಂದಿನ ಗಾಲಿ ನೆಲಕ್ಕೆ ಕೂತಿತು. ಅದು ಸಾಲದೆಂಬಂತೆ ಮುಂದಿನದನ್ನೂ ಬಿಟ್ಟಳು.

"ನಿನ್ನ..." ಸಾಹುಕಾರರು ಕೈಯೆತ್ತಿದರು. ಎತ್ತಿದ ಕೈ ಎದೆಗೆ ಬಂತು. ಸೈಕಲ್ಲು ಒಂದು ಕಡೆ ಬಿತ್ತು, ಅವರು ಗಿಡಕ್ಕೆ ಒರಗಿ ಕುಸಿದರು. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. ಅವರ ಹಣೆ ಕೊಡದ ನೀರಿನಂತೆ ತಣ್ಣಗಿತ್ತು.

ಒಂದು ಲಾರಿ ಬಂತು, ಅವಳು ಅಡ್ಡ ನಿಂತು ಕೈಬೀಸಿದರೂ ಹಾರನ್ ಹೊಡೆದು ಪಕ್ಕಕ್ಕೆ ಹೊರಳಿಸಿ ಹೋಯಿತು. ಒಂದು ಬೈಕು ನಿಂತಿತು, ಆದರೆ ಕೂರಲು ಶಕ್ತಿಯಿಲ್ಲದವರನ್ನು ಬೈಕಿನ ಮೇಲೆ ಹೇಗೆ ಒಯ್ಯುವುದು? ಆಮೇಲೆ ರಸ್ತೆ ಖಾಲಿ. ಸಾಹುಕಾರರು ಕಣ್ಣು ಮುಚ್ಚಿದಾಗಲೆಲ್ಲ ಅವಳು ಹೆಸರು ಕೂಗಿ ಎಬ್ಬಿಸುತ್ತಿದ್ದಳು.

ಕೊನೆಗೆ ದಿಬ್ಬದ ಮೇಲಿಂದ ಕೂಲಿ ಹೆಂಗಸರನ್ನು ತುಂಬಿಕೊಂಡ ಆಟೋ ಇಳಿಯಿತು. ಡ್ರೈವರ್ ಯರ್ರೆಪ್ಪ ತಲೆ ಹೊರಹಾಕಿದ. "ಏಮಯಿಂದಮ್ಮಾ, ಏನಾತು? ಕುಡದಾರೇನು?"

"ಎದಿ ನೋವಣ್ಣ. ಜೀವ ಹೋಗತೈತಿ!"

ಅವನು ಒಳಗಿನವರಿಗೆ ಹೇಳಬೇಕಾಗಲಿಲ್ಲ. ಹುಸೇನಮ್ಮ ಎಂಬ ಹಿರಿಯಳು ಮೊದಲು ಧುಮುಕಿದಳು. "ಇಳೀರೇ ಎಲ್ಲಾರೂ! ನಾವು ನಡಕೊಂತ ಹೋಗೋಣು." ಬುತ್ತಿ ಗಂಟು, ಹತ್ತಿಯ ಚೀಲ ಎಲ್ಲ ರಸ್ತೆಗೆ ಬಿದ್ದವು. ಹೆಂಗಸರೇ ಕೈಗೆ ಕೈ ಕೊಟ್ಟು ಆ ಭಾರೀ ಆಳನ್ನು ಎತ್ತಿ ಮಲಗಿಸಿದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಸೇನಮ್ಮ ಮಾತ್ರ ಒಳಗೆ ಉಳಿದಳು. ಮಂಗಳಾ ಮುಂದೆ ಹತ್ತುತ್ತಲೇ ಯರ್ರೆಪ್ಪ ಆಟೋವನ್ನು ಆದೋನಿಯ ಕಡೆ ತಿರುಗಿಸಿದ.

ದಾರಿಯಲ್ಲಿ ಎದುರಿಗೆ ಜೀಪು ಸಿಕ್ಕಿತು. ಮಂಗಳಾ "ನಿಲ್ಲಬ್ಯಾಡ್ರಿ, ಹಿಂದ ಬರ್ಲಿ" ಎಂದು ಕಿರುಚಿದಳು. ಊರ ಹೊರಗೆ ಹಾರ ಹಿಡಿದು ನಿಂತವರ ನಡುವೆಯೇ ಯರ್ರೆಪ್ಪ ಹಾರನ್ನಿನಿಂದ ಕೈ ತೆಗೆಯದೆ ಆಟೋ ನುಗ್ಗಿಸಿದ. ಬ್ಯಾಂಡಿನವರು ದಿಕ್ಕಾಪಾಲಾದರು. ಬಸವಕಿರಣ ಬಾಯಿ ತೆರೆದು ನಿಂತದ್ದು ಅವಳಿಗೆ ಕಂಡಿತು.

ಆಸ್ಪತ್ರೆಯಲ್ಲಿ ಸಾಹುಕಾರರನ್ನು ಒಳಗೆ ತಳ್ಳಿಕೊಂಡು ಹೋದರು. ಓಡಿಬಂದ ಮಗಳು ಅಮೂಲ್ಯ ಕೇಳಿದ ಮೊದಲ ಮಾತೇ ಇದು: "ಅಪ್ಪನ ಸೈಕಲ್ಲಿನ ಗಾಳಿ ಬಿಟ್ಟವರು ಯಾರು? ಬಿಟ್ಟದ್ದಕ್ಕೇ ಬಿದ್ದರಂತ, ದಾರ್ಯಾಗ ನಿಂತು ನೋಡಿದ ಬೈಕಿನವ ಹೊರಗ ಹೇಳಾಕತ್ತಾನ."

"ನಾನ್ರಿ," ಅಂದಳು ಮಂಗಳಾ. ಕಾರಣ ಹೇಳುವಷ್ಟರಲ್ಲಿ ಅಮೂಲ್ಯ ಒಳಗೆ ಓಡಿದ್ದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತಳು. ಬಂದವರೆಲ್ಲ ಅವಳನ್ನು ನೋಡಿ ದೂರ ಸರಿದು ನಿಂತರು. ಸರಿ ಮಾಡಿದೆನೋ, ಸಿಟ್ಟಿಗೆಬ್ಬಿಸಿ ನಾನೇ ಕೊಂದೆನೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಪಕ್ಕಕ್ಕೆ ಬಂದು ಕೂತವಳು ಹುಸೇನಮ್ಮ ಒಬ್ಬಳೇ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ರೊಟ್ಟಿ ಮುರಿದು ಅವಳ ಕೈಗಿಟ್ಟಳು.

ಡಾಕ್ಟರು ಹೊರಬಂದರು. ಹೃದಯಾಘಾತವೇ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟಾಗಿದೆ, ಸದ್ಯಕ್ಕೆ ತಡೆದುಕೊಂಡಿದ್ದಾರೆ, ಈಗಲೇ ಕರ್ನೂಲಿಗೆ ಒಯ್ಯಬೇಕು. "ಇವರು ಇನ್ನಷ್ಟು ದೂರ ತುಳಿದಿದ್ದರೆ ನನ್ನ ಹತ್ತಿರ ತರುವ ಅಗತ್ಯವೇ ಇರುತ್ತಿರಲಿಲ್ಲ," ಅಂದರು.

ಆಂಬುಲೆನ್ಸು ಹತ್ತುವ ಮುಂಚೆ ಅಮೂಲ್ಯ ತಿರುಗಿ ಬಂದು ಮಂಗಳಾಳ ಎರಡೂ ಕೈ ಹಿಡಿದು ಒಂದು ಕ್ಷಣ ನಿಂತಳು, ಮತ್ತೆ ಓಡಿದಳು.

ಸಾಹುಕಾರರು ಬದುಕಿದರು. ಯುಗಾದಿಗೆ ಮುಂಚೆ ಹೇಳಿಕಳಿಸಿದಾಗ ಮಂಗಳಾ ಅಳುಕುತ್ತಲೇ ಹೋದಳು. ಅಂಗಳದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು, ಅರ್ಧ ಆಳಾಗಿದ್ದರು.

"ಗುಂಡಿ ತೋಡಿಸೀರೇನು?" ಅಂದರು.

"ಯಾವ ಗುಂಡಿರಿ?"

"ಪಾಯದ್ದು. ಮೇಸ್ತ್ರಿನ ಸೋಮವಾರ ಕಳಸ್ತೀನಿ. ಹುಡುಗ್ಯಾರ ಕೋಣಿ ಮೊದಲ ಏಳಲಿ." ಸ್ವಲ್ಪ ದಣಿವಾರಿಸಿಕೊಂಡು ಮುಂದುವರಿಸಿದರು. "ಅಲ್ಲಾ, ಅವತ್ತು ನಿನಗ ಹೆದರಿಕಿ ಆಗಲಿಲ್ಲೇನು?"

"ಆಗಿತ್ರಿ. ನಿಮ್ಮ ಎದಿ ನೋವಿಗಿಂತ ನಿಮ್ಮ ಸಿಟ್ಟಿಗೇ ಹೆಚ್ಚು."

ಸಾಹುಕಾರರು ನಗಲು ಹೋಗಿ ಎದೆ ಹಿಡಿದುಕೊಂಡರು. ಒಳಗಿಂದ ಅಮೂಲ್ಯ ಗಾಬರಿಯಾಗಿ ಓಡಿಬಂದಳು. "ಏನಿಲ್ಲ, ನಕ್ಕೆ," ಅಂದರು ಅವರು. "ಈಕಿಗೆ ಚಹಾ ಕೊಡು."