ದಫ್ಫಿನ ತಾಳದ ಫಂಕ್ ಬ್ಯಾಂಡು

ದುಬೈಯಲ್ಲಿ ನಮ್ಮ ಕರಾವಳಿಯವರದೇ ಅಮೆರಿಕದ ಸೋಲ್, ಫಂಕ್ ಸಂಗೀತ ನುಡಿಸುವ ಒಂದು ಬ್ಯಾಂಡು ಇತ್ತೆಂದು ನಮ್ಮ ಹೆಂಡತಿಯರನ್ನು ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಕೊಂಕಣಿಯವರ ಮದುವೆ, ಹೋಟೆಲಿನ ಪಾರ್ಟಿ, ಅಷ್ಟೆ. ರಜೆಯ ದಿನ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ, ಟೈಲ್ಸ್ ಪೆಟ್ಟಿಗೆಗಳ ನಡುವೆ ಅಭ್ಯಾಸ. ನನ್ನದು ಬಾಸ್ ಗಿಟಾರ್. ಡ್ರಮ್ಸಿಗೆ ಬರ್ ದುಬೈಯ ಬಟ್ಟೆ ಅಂಗಡಿಯ ಬ್ಯಾರಿ ಗೆಳೆಯ.

ನಮಗೆ ಇದ್ದಷ್ಟು ಹೆಸರು ಬಂದದ್ದು ಒಂದೇ ಹಾಡಿನಿಂದ. ಅದರ ತಾಳ ಆ ಗೆಳೆಯನದು. ಊರಿನಲ್ಲಿ ಚಿಕ್ಕಂದಿನಲ್ಲಿ ದಫ್ ಬಡಿದು ಕಲಿತದ್ದನ್ನು ಡ್ರಮ್ಸಿಗೆ ಇಳಿಸಿದ್ದ. ಸುತ್ತಿನ ಕೊನೆಗೆ ಒಂದು ಪೆಟ್ಟು ನುಂಗಿ ಮತ್ತೆ ಹೊರಡುವ ಆ ತಾಳ ನಮ್ಮ ಹಾಡುಗಾರನಿಗೆ ಕೊನೆಯವರೆಗೂ ಒಲಿಯಲಿಲ್ಲ. ಗೆಳೆಯ ಗದ್ದ ಎತ್ತಬೇಕು, ಆಗಲೇ ಇವನು ಬಾಯಿ ತೆರೆಯಬೇಕು. ಹಾಗೇ ನಡೆಯುತ್ತಿತ್ತು.

ಬ್ಯಾಂಡು ಒಡೆದು ವರ್ಷಗಳಾದ ಮೇಲೆ ದುಬೈಯ ಮಿರ್ದಿಫ್‌ನ ಸಭಾಂಗಣವೊಂದರಲ್ಲಿ ಊರಿನವರು ಹಾಡುಗಾರನಿಗೆ ಸನ್ಮಾನ ಇಟ್ಟರು. ಅವನೇ ಮೈಕ್ ಹಿಡಿದು ಬ್ಯಾಂಡಿನ ಚರಿತ್ರೆ ಹೇಳಿದ. "ಆ ಬೀಟ್ ಉಂಟಲ್ಲ, ಅಮೆರಿಕದ ರೆಕಾರ್ಡ್ ಕೇಳಿ ಕೇಳಿ ನಾನೇ ಮಾಡಿದ್ದು!" ವೇದಿಕೆಯಲ್ಲಿ ಡ್ರಮ್ಸಿನ ಬದಲು ಲ್ಯಾಪ್‌ಟಾಪ್. ಬಾಸ್ ನುಡಿಸಲು ನನ್ನನ್ನು ಕರೆದಿದ್ದರು, ಗೆಳೆಯನನ್ನು ಕರೆದಿರಲಿಲ್ಲ. ಅವನು ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತು ಚಪ್ಪಾಳೆ ತಟ್ಟಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಹಾಡುಗಾರ ಮೈಕ್ ಮುಚ್ಚಿಕೊಂಡು ನನ್ನ ಕಿವಿಯಲ್ಲಿ, "ಗದ್ದ ನೀನು ಎತ್ತು, ಆಯ್ತಾ?" ಎಂದ.

"ಆಯ್ತು" ಎಂದೆ.

ಲ್ಯಾಪ್‌ಟಾಪಿನಿಂದ ತಾಳ ಹೊರಟಿತು. ನಾನು ನೆಲ ನೋಡುತ್ತ ಬಾಸ್ ನುಡಿಸಿದೆ. ಗದ್ದ ಎತ್ತಲಿಲ್ಲ. ಅವನು ತಪ್ಪು ಜಾಗದಲ್ಲಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತಪ್ಪಿದ. ಹಿಂದೆ ಮಕ್ಕಳು ಕಿಸಕ್ಕೆಂದರು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

"ಎಂತ ಮಾರಾಯ, ಎಲ್ಲಿಂದ ಹಿಡಿಯುವುದು?" ಎಂದು ಹಲ್ಲು ಕಚ್ಚಿ ಕೇಳಿದ. ಮೈಕ್ ಬಾಯಿಯ ಹತ್ತಿರವೇ ಇತ್ತು, ಇಡೀ ಸಭೆಗೆ ಕೇಳಿಸಿತು.

ನಾನೂ ಮೈಕಿಗೇ ಬಾಗಿದೆ. "ನಿನ್ನದೇ ಬೀಟ್ ಅಲ್ವಾ? ನನ್ನತ್ರ ಎಂತಕ್ಕೆ ಕೇಳುದು?"

ಬೆವರುತ್ತ ನಿಂತವನ ಕಣ್ಣು ಹಳೆಯ ಅಭ್ಯಾಸದಲ್ಲಿ ಗೆಳೆಯನ ಕಡೆ ಹೋಯಿತು. ಗೆಳೆಯನ ಮನಸ್ಸು ಮೆದು. ಕೂತಲ್ಲಿಂದಲೇ ಗದ್ದ ಎತ್ತಿದ. ಹಾಡು ಸರಿಯಾಗಿ ಶುರುವಾಯಿತು. ಮತ್ತೆ ಪ್ರತಿ ಚರಣಕ್ಕೂ ಹಾಡುಗಾರ ಆ ಗದ್ದಕ್ಕಾಗಿ ಕಾದ. ಇಡೀ ಸಭೆ ಕತ್ತು ತಿರುಗಿಸಿ ಗೆಳೆಯನನ್ನೇ ನೋಡಿತು.

ಪಾರ್ಕಿಂಗಿನಲ್ಲಿ ಗೆಳೆಯ, "ಪಾಪ ಮಾರಾಯ, ಖಲಾಸ್, ಬಿಟ್ಟುಬಿಡು" ಎಂದ.

ಅವನು ಬಿಟ್ಟ. ನಾನು ಬಿಟ್ಟಿಲ್ಲ. ಬ್ಯಾಂಡಿನ ಚರಿತ್ರೆ ಬರೆಯಲು ಕೂತದ್ದೇ ಅದಕ್ಕೆ.