ಮುಟ್ಟದೆ ಎದೆಬಡಿತ ಎಣಿಸುವ ಡಬ್ಬಿ

ಕಳೆದ ವಾರ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮಾಸ್ತರುಗಳ ಎದುರಿಗೇ ನನ್ನ ಉಸಿರು ನಿಂತುಹೋಯಿತು. ಗಾಬರಿಯಾಗಬೇಡಿ ಮೊಮ್ಮಕ್ಕಳೇ. ಸತ್ತವಳು ಅಂಕಣ ಬರೆಯುವುದಿಲ್ಲ.

ನಮ್ಮೂರು ಕಮಲಾಪುರದಿಂದ ನನ್ನನ್ನು ಕರೆಸಿಕೊಂಡವಳು ಮಗಳ ಮಗಳು ಭಾಗ್ಯಶ್ರೀ. ಅಂದು ಅವಳ ಕೊನೆಯ ವರ್ಷದ ಪ್ರಾಜೆಕ್ಟಿನ ಪರೀಕ್ಷೆ. ವರ್ಷವಿಡೀ ಕುಳಿತು ಅವಳು ಮಾಡಿದ್ದು ಅಂಗೈಯಷ್ಟು ದೊಡ್ಡ ಒಂದು ಡಬ್ಬಿ. ಎದುರಿಗೆ ಕುಳಿತವರನ್ನು ಮುಟ್ಟದೆ, ಒಂದು ವೈರ್ ಕೂಡ ಹಚ್ಚದೆ, ಅವರ ಉಸಿರು ಮತ್ತು ಎದೆಬಡಿತ ಎಣಿಸುತ್ತದೆ. ರೇಡಾರ್ ಅಂತೆ. (ರೇಡಾರ್ ಎಂದರೆ ವಿಮಾನ ಹುಡುಕುವುದು ಎಂದಷ್ಟೇ ಕೇಳಿದ್ದೆ. ನಮ್ಮೂರ ಶಾಲೆಯಲ್ಲಿ ಅದನ್ನೂ ಹೇಳಿರಲಿಲ್ಲ.)

ಗೆಳತಿಯರ ಮೇಲೆ ಡಬ್ಬಿ ಚೆನ್ನಾಗಿ ನಡೆದಿತ್ತು. ಆದರೆ ವಯಸ್ಸಾದವರ ಮೇಲೆ, ನಮ್ಮ ಕಣ್ಣೆದುರು ನಡೆಸಿ ತೋರಿಸು ಎಂದಿದ್ದರು ಮಾಸ್ತರು. ತಪ್ಪಿದರೆ ವರ್ಷದ ದುಡಿಮೆ ನೀರುಪಾಲು.

ಹಿಂದಿನ ದಿನ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಗಳ ಮನೆಯಲ್ಲಿ ಭಾಗ್ಯಶ್ರೀಯನ್ನು ಮೆಲ್ಲಗೆ ಕೇಳಿದೆ, ಅದಕ್ಕೆ ಸೀರೆಯೊಳಗಿನದೆಲ್ಲ ಕಾಣುತ್ತದೇನು ಎಂದು. ಅವಳು ನಗಲಿಲ್ಲ. (ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.)

"ಇದಕ್ಕ ಕಣ್ಣಿಲ್ಲ ಆಯಿ. ಬಾವ್ಯಾಗ ಕೂಗಿದ್ರ ದನಿ ತಿರುಗಿ ಬರ್ತದಲ್ಲ, ಹಾಂಗ. ಅಲೆ ಹೋಗಿ ಎದಿಗಿ ಬಡದು ತಿರುಗಿ ಬರ್ತದ. ಎದಿ ಏರೂದು ಇಳಿಯೂದು ಅಷ್ಟೇ ಗೊತ್ತಾಗ್ತದ. ನೀ ಸೆರಗು ಹೊದ್ದೇ ಕೂಡು."

ಮರುದಿನ ಪರೀಕ್ಷೆಯಲ್ಲಿ ಹೊದ್ದೇ ಕುಳಿತೆ. ಅವಳು ಗುಂಡಿ ಒತ್ತಿದಳು. ಕಂಪ್ಯೂಟರಿನಲ್ಲಿ ಉಸಿರಿನ ಗೆರೆ ಏರಿಳಿಯಬೇಕು. ಏಳಲೇ ಇಲ್ಲ. ಉಸಿರಾಟ ಸೊನ್ನೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, ಆಯಿ ಜೀವಂತ ಇದ್ದಾರಲ್ಲಮ್ಮ ಎಂದರು. ಉಳಿದವರು ನಕ್ಕರು. ನನ್ನಿಂದ ಕೂಸಿನ ಪರೀಕ್ಷೆ ಕೆಟ್ಟಿತೇ?

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಸಾರಿ ಸರ್ ಎಂದು ಆಫ್ ಮಾಡಿ ಆನ್ ಮಾಡುತ್ತಿದ್ದರು. ನಾವೆಲ್ಲ ಮಾಡುವುದು ಅದೇ ತಾನೇ? (ಟಿವಿಗಾದರೆ ಒಂದು ಏಟೂ ಬೀಳುತ್ತದೆ.) ಭಾಗ್ಯಶ್ರೀ ಡಬ್ಬಿ ಮುಟ್ಟಲಿಲ್ಲ. ನನ್ನ ಮುಖ ನೋಡಿದಳು.

"ಮಿಷಿನ್ ಖರೇನೇ ಹೇಳಾಕತ್ತದರಿ ಸರ್. ನಮ್ಮ ಆಯಿನೇ ಉಸಿರು ಹಿಡಕೊಂಡು ಕುಂತಾಳ."

ಹೌದು, ಹಿಡಿದಿದ್ದೆ! ಎಕ್ಸ್-ರೇ ತೆಗೆಯುವವರು ಉಸಿರು ಹಿಡೀರಿ ಎನ್ನುತ್ತಾರೆ. ಫೋಟೋ ತೆಗೆಯುವವರು ಅಲ್ಲಾಡಬೇಡ್ರಿ ಎನ್ನುತ್ತಾರೆ. ಮಿಷಿನ್ ಯಾವುದಾದರೇನು, ಎದುರಿಗೆ ಕೂತರೆ ಉಸಿರು ಹಿಡಿಯುವುದೇ ಮರ್ಯಾದೆ ಎಂದುಕೊಂಡವರು ನಾವು.

ಅವಳು ಕೆಳಗಿನ ಇನ್ನೊಂದು ಗೆರೆ ತೋರಿಸಿದಳು. ಅದು ಎದೆಬಡಿತದ್ದು. ಉಸಿರಿನ ದೊಡ್ಡ ತೆರೆ ನಿಂತಿದ್ದರಿಂದ ಗುಂಡಿಗೆಯ ಸಣ್ಣ ತೆರೆ ಮತ್ತಷ್ಟು ಸ್ಪಷ್ಟವಾಗಿತ್ತಂತೆ. ಒಬ್ಬ ಮೇಡಂ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಹತ್ತು ಸೆಕೆಂಡು ಎಣಿಸಿದರು. ಲೆಕ್ಕ ಕೂಡಿತು. "ಈಗ ಉಸಿರು ಬಿಡು ಆಯಿ" ಎಂದಳು. ಬಿಟ್ಟೆ. ಮೇಲಿನ ಗೆರೆ ಎದ್ದು ಕುಣಿಯಿತು.

ಪರೀಕ್ಷಕರು ಅಷ್ಟಕ್ಕೇ ಬಿಡಲಿಲ್ಲ. ಇಸಿಜಿ ಇದೆ, ಕೈಗೆ ಕಟ್ಟುವ ವಾಚ್ ಇದೆ, ಇದು ಯಾಕೆ ಬೇಕು ಎಂದು ಕೇಳಿದರು.

ಹುಡುಗಿ ನೆಲ ನೋಡಿದಳು. (ಆ ಗುಣ ನನ್ನದೇ.) ಆದರೆ ದನಿ ನಡುಗಲಿಲ್ಲ.

"ಹೋದ ವರ್ಷ ಆಯಿಗಿ ಎದಿನೋವು ಬಂದಿತ್ರಿ. ದವಾಖಾನ್ಯಾಗ ವೈರ್ ಹಚ್ಚಾಕ ಕುಬಸ ತೆಗೀರಿ ಅಂದ್ರು. ತೆಗೀಲಿಲ್ಲ, ಎದ್ದು ಮನಿಗಿ ಬಂದಳು. ಕಮಲಾಪುರದಾಗ ಆಯಿಯಂಥವ್ರು ಭಾಳ ಮಂದಿ ಅದಾರ್ರಿ. ಇಸಿಜಿ ಹೇಳೂದೆಲ್ಲ ಇದು ಹೇಳಂಗಿಲ್ಲ, ಖರೆ. ಏನೂ ಗೊತ್ತಾಗದಕ್ಕಿಂತ ಇಷ್ಟರೆ ಗೊತ್ತಾಗ್ಲಿ ಅಂತ ಮಾಡೀನ್ರಿ."

ಪರೀಕ್ಷಕರು ಎದ್ದು ಬಂದು, ಸ್ವಲ್ಪ ಜಾಗ ಕೊಡ್ರಿ ಎಂದು ನನ್ನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾವೇ ಕುಳಿತರು. ತಮ್ಮ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಪಾಸಾದಳು ಎಂದು ನನಗೆ ಆಗಲೇ ತಿಳಿಯಿತು. ಕಾಲೇಜಿನವರು ಹೇಳಿದ್ದು ಸಂಜೆಗೆ.

ನಾಚಿಕೆ ಬಿಡು ಎಂದು ನನಗೆ ಬುದ್ಧಿ ಹೇಳಿದವರು ಬೇಕಾದಷ್ಟು ಮಂದಿ. ನಾಚಿಕೆ ನಿನ್ನ ಹತ್ತಿರವೇ ಇರಲಿ, ನಾನು ಯಂತ್ರವನ್ನೇ ದೂರ ಇಡುತ್ತೇನೆ ಎಂದವಳು ಇವಳೊಬ್ಬಳೇ ಅಲ್ಲವೇ?