ಇಬ್ರಾಹಿಂ ಮೇಷ್ಟ್ರು ಕಟ್ಟಿದ ಟೀಮು

ಇಬ್ರಾಹಿಂ ಮೇಷ್ಟ್ರು ಫುಟ್‌ಬಾಲ್ ಮ್ಯಾಚಿಗೆ ಕೂತರೆ ಚೆಂಡನ್ನು ನೋಡುತ್ತಿರಲಿಲ್ಲ. ಚೆಂಡು ಕಳೆದುಕೊಂಡವನನ್ನು ನೋಡುತ್ತಿದ್ದರು. "ಗೋಲು ಹೊಡೆದೋನನ್ನ ಊರೆಲ್ಲ ನೋಡುತ್ತೆ ಕಣೋ. ಚೆಂಡು ಹೋದ್ಮೇಲೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾನಲ್ಲ, ಅವನನ್ನ ನಾನು ನೋಡ್ಬೇಕು" ಎನ್ನುತ್ತಿದ್ದರು.

ನಮ್ಮ ಕಡೂರಿನ ಕ್ಲಬ್ಬಿನಲ್ಲಿ ಆಟಗಾರರನ್ನು ಆರಿಸುತ್ತಿದ್ದುದು ಬೀದಿ ಲೆಕ್ಕದಲ್ಲಿ. ಕೋಟೆಯವರಿಗೆ ಇಷ್ಟು ಜಾಗ, ಪೇಟೆಯವರಿಗೆ ಇಷ್ಟು, ಉಳಿದದ್ದು ಸ್ಟೇಷನ್ ಕಡೆಯವರಿಗೆ. ಚಂದಾ ಎತ್ತುವ ಬೀದಿಗೆ ಜಾಗವಿಲ್ಲ ಎನ್ನಲು ಯಾರಿಗೆ ಧೈರ್ಯ? ಹೀಗೆ ಎಲ್ಲರ ಮನಸ್ಸನ್ನೂ ಕಾಯ್ದುಕೊಂಡು ವರ್ಷ ವರ್ಷವೂ ತರೀಕೆರೆಯವರ ಕೈಲಿ ಒದೆ ತಿಂದು ಬರುತ್ತಿದ್ದೆವು.

ಕೊನೆಗೆ ಆಯ್ಕೆಯನ್ನು ಒಬ್ಬರಿಗೇ ಒಪ್ಪಿಸೋಣ ಎಂದು ಕಮಿಟಿಯಲ್ಲಿ ಮಾತು ಬಂತು. ಹೈಸ್ಕೂಲಿನಲ್ಲಿ ನನಗೆ ಡ್ರಿಲ್ ಮಾಡಿಸಿ ಈಗ ರಿಟೈರಾಗಿದ್ದ ಮೇಷ್ಟ್ರ ಹೆಸರು ಹೇಳಿದವನು ನಾನೇ. ಸ್ಪೋರ್ಟಿಂಗ್ ಡೈರೆಕ್ಟರ್ ಎಂಬ ಬಿರುದನ್ನೂ ಕೊಟ್ಟೆವು. ಮೇಷ್ಟ್ರು ನಕ್ಕರು. "ಡೈರೆಕ್ಟರ್ ಆದೆ ಅಂತ ಮನೇಲಿ ಹೇಳಿದ್ರೆ, ಮೊದ್ಲು ರೇಷನ್ ತಗೊಂಡ್ ಬನ್ನಿ ಅಂತಾಳೆ ನಮ್ಮೋಳು."

ಅವರು ಮಾಡಿದ ಮೊದಲ ಕೆಲಸ ನನ್ನನ್ನು ತೆಗೆದದ್ದು.

"ಶೇಖರ, ನೀನು ಒಳ್ಳೆಯವ್ನು. ಗೋಲಲ್ಲಿ ಬೇಡ" ಎಂದರು, ಅಷ್ಟೇ. ರೈಲು ಹತ್ತಿ ಶಿವನಿ ಎಂಬ ಊರಿಗೆ ಹೋಗಿ, ಅಲ್ಲಿ ಗ್ಯಾರೇಜಿನಲ್ಲಿದ್ದ ಮಂಜುನಾಥ ಎಂಬುವವನನ್ನು ಗೋಲ್‌ಕೀಪರ್ ಮಾಡಿ ಕರೆತಂದಿದ್ದರು. ನಮ್ಮ ಊರಿನವನೇ ಅಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಕೊಬ್ಬರಿ ಮಂಡಿಯಲ್ಲಿ ನನ್ನಂಥ ಗುಮಾಸ್ತರು ಬೇಕಾದಷ್ಟು ಜನ. ಗೋಲಿನಲ್ಲಿ ನಿಂತಾಗ ಮಾತ್ರ ನಾಲ್ಕು ಜನ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಅದನ್ನೂ ಕಿತ್ತುಕೊಂಡರಲ್ಲ ಎಂದು ಮೇಷ್ಟ್ರ ಜೊತೆ ಮಾತು ಬಿಟ್ಟೆ. ಎದುರು ಸಿಕ್ಕರೆ ಅವರೇ "ಊಟ ಆಯ್ತೇನಪ್ಪಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಆ ವರ್ಷ ತರೀಕೆರೆಯವರನ್ನು ಸೋಲಿಸಿದೆವು. ಆದರೂ ಜಾಗ ಕಳೆದುಕೊಂಡ ಬೀದಿಗಳು ಚಂದಾ ನಿಲ್ಲಿಸಿದವು. ಕಮಿಟಿ ಹೆದರಿ ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿತು. ಮತ್ತೆ ಬೀದಿ ಲೆಕ್ಕ ಬಂತು, ನನ್ನ ಜಾಗವೂ ಬಂತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಮೊದಲ ಮ್ಯಾಚಿಗೆ ಮೇಷ್ಟ್ರು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಸೀದಾ ಬಂದು ನನ್ನ ಗೋಲಿನ ಹಿಂದೆ, ಬಲೆಯಾಚೆ ನಿಂತರು. ಅಣಕಿಸಲು ಬಂದಿದ್ದಾರೆ ಎಂದುಕೊಂಡೆ. ಆಟ ಮುಗಿಯುವವರೆಗೂ ಮೆಲ್ಲಗೆ ಹೇಳುತ್ತಲೇ ಇದ್ದರು: "ಎಡಕ್ಕೆ ಬಾ. ಲೇ, ಮುಂದಕ್ಕೆ ಹೋಗ್ಬೇಡ ಕಣೋ. ಹಾಂ, ಈಗ ಸರಿ." ಆದರೂ ಸೋತೆವು. ಕೈಗವಸು ಬಿಚ್ಚುತ್ತಾ, "ನನ್ನ ತೆಗೆದೋರು ನೀವೇ, ಹಿಂದೆ ನಿಂತು ಹೇಳ್ಕೊಡೋರೂ ನೀವೇನಾ?" ಎಂದೆ.

"ನೀನು ಬೇಡ ಅಂತ ಈಗ್ಲೂ ಹೇಳ್ತೀನಿ" ಎಂದರು ಮೇಷ್ಟ್ರು. "ಆದ್ರೆ ನಿಂತಿರೋನು ನೀನು. ಗೋಲು ನಮ್ಮದಲ್ವೇನೋ?"

ಅದೇ ಕೊನೆಯ ಭೇಟಿ. ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಆಟಗಾರರನ್ನು ಆರಿಸುವ ಅವರ ಹಳೆಯ ಕೆಲಸವನ್ನು ಕಮಿಟಿ ನನಗೆ ವಹಿಸಿತು. ನಾನು ಯಾರನ್ನೂ ನೋಯಿಸುವವನಲ್ಲ ಎಂಬ ನಂಬಿಕೆ ಅವರಿಗೆ.

ಮುಂದಿನ ಭಾನುವಾರವೇ ಶಿವನಿ ಊರಿಗೆ ಹೋದೆ. ಮಂಜುನಾಥ ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ.

"ಗೋಲಲ್ಲಿ ನೀವಿದ್ದೀರಲ್ಲಣ್ಣಾ?" ಎಂದು ಕೇಳಿದ.

"ನನ್ನ ತೆಗೆದ್ರು ಕಣಪ್ಪಾ" ಎಂದೆ.

"ಯಾರು?"

"ಇಬ್ರಾಹಿಂ ಮೇಷ್ಟ್ರು" ಎಂದೆ.